ಕೀರ್ತನೆಯೊಳಗಿನ ಶಾಪ



‘ರಿವರ್ಸ್ ಆಫ್ ಬ್ಯಾಬಿಲಾನ್’ ಹಾಡನ್ನು ಕೇಳದವರು ಕಡಿಮೆ. ಜಮೈಕಾದ ಮೆಲೋಡಿಯನ್ಸ್ ತಂಡ 1970ರಲ್ಲಿ ಹಾಡಿದ ಇದನ್ನು 1978ರಲ್ಲಿ ಬೋನಿ ಎಂ ತಂಡ ಮನೆಮಾತಾಗಿಸಿತು. ಹಾಡಿನ ಮೂಲ ಬೈಬಲ್ಲಿನ 137ನೆಯ ಕೀರ್ತನೆ. ಆದರೆ ಕೀರ್ತನೆಯ ಕೊನೆಯ ಭಾಗ ಹಾಡಿನಲ್ಲಿಲ್ಲ. ಒಂಬತ್ತು ವಚನಗಳ ಆ ಕೀರ್ತನೆ ನದೀತೀರದ ಕಣ್ಣೀರಿನಿಂದ ಆರಂಭವಾಗಿ, ಬ್ಯಾಬಿಲಾನಿನ ಹಸುಗೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆಂದು ಹರಸುವಲ್ಲಿ ಮುಗಿಯುತ್ತದೆ.

ಶತ್ರುವನ್ನೂ ಪ್ರೀತಿಸಿ ಎಂದ ಯೇಸುವಿನ ಅನುಯಾಯಿ ಈ ಮಾತನ್ನು ಹೇಗೆ ಓದಬೇಕು? ದೇವರ ವಾಕ್ಯವೆಂದು ಕಣ್ಣಿಗೊತ್ತಿಕೊಳ್ಳಬೇಕೆ ಅಥವಾ ಕಂಡೂ ಕಾಣದಂತೆ ಪುಟ ಮಗುಚಬೇಕೆ?

ಈ ಪ್ರಶ್ನೆ ಬಹಳ ಹಳೆಯದು. ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಯೆಹೂದ್ಯರ ಧರ್ಮಗ್ರಂಥವೇ ಬೇಡವೆಂದ. ಕ್ರಿ.ಶ. 144ರಲ್ಲಿ ರೋಮಿನ ಸಭೆ ಅವನನ್ನೇ ಹೊರಗಿಟ್ಟಿತು. ಮೂರನೆಯ ಶತಮಾನದ ಪಂಡಿತ ಓರಿಜನ್ ಇದನ್ನು ರೂಪಕವೆಂದು ಓದಿದ. ಅವನ ಪ್ರಕಾರ ಆ ಕೂಸುಗಳು ಮನಸ್ಸಿನಲ್ಲಿ ಆಗ ತಾನೇ ಹುಟ್ಟಿದ ಕೆಟ್ಟ ಆಲೋಚನೆಗಳು. ಅವು ಬೆಳೆಯುವ ಮೊದಲೇ ಚಿವುಟಬೇಕು. ಕಥೋಲಿಕ ಸಭೆ 1971ರಲ್ಲಿ ಪ್ರಕಟಿಸಿದ ನಿತ್ಯಪ್ರಾರ್ಥನೆಯ ಗ್ರಂಥದಿಂದ 58, 83 ಮತ್ತು 109ನೆಯ ಕೀರ್ತನೆಗಳನ್ನು ಪೂರ್ತಿಯಾಗಿ ಕೈಬಿಟ್ಟಿತು. 137ರ ಕೊನೆಯ ಮೂರು ವಚನಗಳೂ ಅಲ್ಲಿಲ್ಲ. ಬೈಬಲ್ಲಿನಲ್ಲಿ ಮಾತ್ರ ಅವು ಹಾಗೆಯೇ ಇವೆ.

‘ಹಳೆಯ ಒಡಂಬಡಿಕೆ ಕ್ರೂರ, ಹೊಸದು ಕರುಣಾಮಯಿ’ ಎಂಬ ವಿಂಗಡಣೆಯೂ ನಿಲ್ಲುವುದಿಲ್ಲ. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆ ಇರುವುದು ಹಳೆಯದರ ಯಾಜಕಕಾಂಡದಲ್ಲಿ. ಬ್ಯಾಬಿಲಾನಿಗೆ ಎರಡರಷ್ಟು ಮುಯ್ಯಿ ತೀರಿಸಿ ಎಂಬ ಮಾತು ಬರುವುದು ಹೊಸದರ ಕೊನೆಯ ಪುಸ್ತಕ ಪ್ರಕಟನೆಯಲ್ಲಿ.

ಹಾಗಾದರೆ ದಾರಿ ಯಾವುದು? ಮೊದಲು, ಈ ಮಾತು ಯಾರ ಬಾಯಿಂದ ಬಂತೆಂದು ಕೇಳಬೇಕು. ಸುಮಾರು ಕ್ರಿ.ಪೂ. 587ರಲ್ಲಿ ನೆಬೂಕದ್ನೆಚ್ಚರನ ಸೈನ್ಯ ಜೆರುಸಲೇಮನ್ನು ಸುಟ್ಟಿತು. ರಾಜ ಚಿದ್ಕೀಯನ ಮಕ್ಕಳನ್ನು ಅವನ ಕಣ್ಣೆದುರೇ ಕೊಂದು, ಆಮೇಲೆ ಅವನ ಕಣ್ಣುಗಳನ್ನು ಕಿತ್ತರೆಂದು ಬೈಬಲ್ ಹೇಳುತ್ತದೆ. ಹೀಗೆ ಸೆರೆಹೋದವರ ಹಾಡು ಇದು. ನೀನು ನಮಗೆ ಮಾಡಿದ್ದೇ ನಿನಗಾಗಲಿ ಎನ್ನುವವನ ಕೈಯಲ್ಲಿ ಕತ್ತಿಯಿಲ್ಲ. ಉಳಿದಿರುವುದು ಗಂಟಲು ಮಾತ್ರ. ಅವನು ಕೊಲ್ಲಲು ಹೊರಟಿಲ್ಲ, ದೇವರ ಮುಂದೆ ಕೂಗಿಕೊಳ್ಳುತ್ತಿದ್ದಾನೆ.

ಇಂಥ ಮಾತು ಕತ್ತಿ ಹಿಡಿದವನ ಬಾಯಿಗೆ ಬಂದರೆ ಕಥೆಯೇ ಬೇರೆ. 1637ರಲ್ಲಿ ಅಮೆರಿಕದ ಮಿಸ್ಟಿಕ್ ಎಂಬಲ್ಲಿ ಇಂಗ್ಲಿಷ್ ವಲಸಿಗರು ಪೀಕ್ವಾಟ್ ಬುಡಕಟ್ಟಿನ ಕೋಟೆಗೆ ಬೆಂಕಿಯಿಟ್ಟರು. ಹೆಂಗಸರು, ಮಕ್ಕಳು ಸೇರಿ ನೂರಾರು ಜನ ಸತ್ತರು. ಮುಂದಾಳುಗಳಲ್ಲಿ ಒಬ್ಬನಾದ ಕ್ಯಾಪ್ಟನ್ ಜಾನ್ ಅಂಡರ್‌ಹಿಲ್ ಮರುವರ್ಷ ಬರೆದ ಪುಸ್ತಕದಲ್ಲಿ, ದಾವೀದನ ಯುದ್ಧಗಳನ್ನು ತೋರಿಸಿ ಇದಕ್ಕೆ ಧರ್ಮಗ್ರಂಥದ ಸಮರ್ಥನೆ ಕೊಟ್ಟ. ನೊಂದವರ ಗ್ರಂಥ ಗೆದ್ದವರ ಪರವಾನಗಿಯಾಯಿತು.

ಹಾಗೆಂದು ನೊಂದವನ ಸಿಟ್ಟನ್ನು ಅಳಿಸಿಹಾಕುವುದೂ ನ್ಯಾಯವಲ್ಲ. 1937ರ ಜುಲೈ 1ರಂದು ನಾಜಿ ಸರ್ಕಾರ ಪಾದ್ರಿ ಮಾರ್ಟಿನ್ ನೀಮೋಲರ್ ಅವರನ್ನು ಬಂಧಿಸಿತು. ಹತ್ತು ದಿನಗಳ ನಂತರ ಡೀಟ್ರಿಕ್ ಬಾನ್‌ಹಾಫರ್ ಉಪದೇಶಕ್ಕೆ ಆರಿಸಿಕೊಂಡದ್ದು 58ನೆಯ ಕೀರ್ತನೆಯನ್ನೇ. ಸೇಡನ್ನು ದೇವರಿಗೆ ಒಪ್ಪಿಸಿದವನು ಅದನ್ನು ತನ್ನ ಕೈಯಿಂದ ಬಿಟ್ಟಂತೆ, ಆ ತೀರ್ಪಿಗೆ ತಾನೂ ತಲೆಬಾಗಬೇಕು ಎಂಬುದು ಅವರ ವಾದದ ತಿರುಳು. ಆದರೆ ಮುಂದೆ ಹಿಟ್ಲರನ ವಿರುದ್ಧದ ಸಂಚಿನಲ್ಲಿ ಸೇರಿದವರೂ ಅವರೇ. 1945ರ ಏಪ್ರಿಲ್ 9ರಂದು ಅವರನ್ನು ಗಲ್ಲಿಗೇರಿಸಲಾಯಿತು. ಪ್ರಾರ್ಥನೆ ಎಲ್ಲಿ ನಿಲ್ಲಬೇಕು, ಕೈ ಎಲ್ಲಿ ಏಳಬೇಕು ಎಂಬ ಪ್ರಶ್ನೆ ಅವರಿಗೂ ಸುಲಭವಾಗಿರಲಿಲ್ಲ.

ಆದ್ದರಿಂದ ಆ ಕೊನೆಯ ವಚನವನ್ನು ಹರಿದೆಸೆಯಬೇಕಿಲ್ಲ, ಆಜ್ಞೆಯೆಂದು ಪಾಲಿಸಬೇಕಾಗಿಯೂ ಇಲ್ಲ. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರು ಏನು ಬಯಸುವಷ್ಟು ಬೆಂದಿರುತ್ತಾರೆ ಎಂಬುದಕ್ಕೆ ಅದು ಸಾಕ್ಷಿ. ಆದರೆ ಬ್ಯಾಬಿಲಾನಿನ ಕೂಸಿಗೂ ಒಬ್ಬಳು ತಾಯಿಯಿದ್ದಳು. ಅವಳ ಹಾಡು ಕೀರ್ತನೆಯಲ್ಲಿಲ್ಲ. ಅದನ್ನೂ ನೆನೆದು ಓದುವುದು ಓದುಗನ ಹೊಣೆ.