ಬೈಗುಳದಿಂದ ಕುಡಿತ ಬಿಡೋದಿಲ್ಲ
(ರೈತರ ಸಭೆಯೊಂದರಲ್ಲಿ ಮಾಡಿದ ಭಾಷಣ)



ಬೆಲೆಯ ಬಗ್ಗೆ, ಸಾಲದ ಬಗ್ಗೆ ಬಹಳ ಮಾತಾಡುತ್ತೇವೆ. ಆ ಸಾಲದ ಚಿಂತೆ ಸಂಜೆ ಹೊತ್ತಿಗೆ ನಮ್ಮಲ್ಲಿ ಕೆಲವರನ್ನು ಎಲ್ಲಿಗೆ ಎಳೆದುಕೊಂಡು ಹೋಗುತ್ತದೆ ಅನ್ನೋದನ್ನ ಮಾತ್ರ ಬಾಯಿಬಿಟ್ಟು ಹೇಳೋದಿಲ್ಲ. ಇವತ್ತು ಹೇಳೋಣ.

ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಕುಡಿತ ನಿಂತಿತೇ? ಪ್ಯಾಕೆಟ್ ಹೋಯಿತು, ಬಾಟಲಿ ಉಳಿಯಿತು. ಅಂಗಡಿ ಮುಚ್ಚಿದ ಮಾತ್ರಕ್ಕೆ ಎದೆಯೊಳಗಿನ ಸಂಕಟ ಮುಚ್ಚೋದಿಲ್ಲ.

ಕುಡಿದಾಗ ಒಂದು ಗಳಿಗೆ ಚಿಂತೆ ಮರೆಯುತ್ತದೆ, ಸುಳ್ಳಲ್ಲ. ಆದರೆ ಅದು ಕೈಗಡ. ನಡುರಾತ್ರಿ ನಿದ್ದೆ ಕೆಡುತ್ತದೆ, ಬೆಳಗಾದರೆ ಚಿಂತೆ ಬಡ್ಡಿ ಸಮೇತ ಬಂದು ನಿಲ್ಲುತ್ತದೆ. ಅದನ್ನು ತೀರಿಸಲು ಮತ್ತೆ ಕುಡಿತ. ಹಳೇ ಸಾಲಕ್ಕೆ ಹೊಸ ಸಾಲ ಮಾಡಿದ ಹಾಗೆ.

ಇಂಥವನಿಗೆ ನಾವು ಏನಂತೀವಿ? "ನಿನ್ನ ಕೈಲಿ ಏನೂ ಆಗಲ್ಲ." ಹತ್ತು ವರ್ಷ ಅದನ್ನೇ ಕೇಳಿದ ಮೇಲೆ ಅವನೂ ಅದನ್ನೇ ನಂಬುತ್ತಾನೆ. ಬಿಡೋದಕ್ಕೆ ಬೇಕಾದ ಬಂಡವಾಳವನ್ನೇ ನಾವು ಕಿತ್ತುಕೊಂಡ ಹಾಗಾಯಿತು. ಆಲ್ಬರ್ಟ್ ಬಂಡೂರ ಎಂಬ ಮನಶ್ಶಾಸ್ತ್ರಜ್ಞರು 1977ರಲ್ಲೇ ಬರೆದರು: 'ನನ್ನಿಂದ ಆಗುತ್ತೆ' ಎಂಬ ನಂಬಿಕೆ ಬರೀ ಉಪದೇಶದಿಂದ ಗಟ್ಟಿಯಾಗೋದಿಲ್ಲ. ತಾನೇ ಮಾಡಿ ಗೆದ್ದ ಗೆಲುವಿನಿಂದ, ತನ್ನಂಥವನೊಬ್ಬ ಗೆದ್ದದ್ದನ್ನು ಕಣ್ಣಾರೆ ಕಂಡು ಅದು ಬೆಳೆಯುತ್ತದೆ.

ಆದ್ದರಿಂದ ಒಂದು ಸಂಜೆ ಕುಡಿಯದೆ ಮನೆಗೆ ಬಂದವನನ್ನು "ನಾಳೆ ನೋಡೋಣ" ಅಂತ ಹಂಗಿಸಬೇಡಿ. ಮೂರು ತಿಂಗಳು ಬಿಟ್ಟವನು ಜಾತ್ರೆಯಲ್ಲಿ ಒಂದು ದಿನ ಕುಡಿದರೆ ಎಲ್ಲಾ ಮುಗೀತು ಅನ್ನಬೇಡಿ. ಒಂದು ಬೆಳೆ ಹೋಯಿತು ಅಂತ ಹೊಲ ಬೀಳು ಬಿಡ್ತೀವಾ?

ಇನ್ನೊಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಲೇ ಬಿಡಿಸಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು, ಭ್ರಮೆ ಹಿಡಿಯಬಹುದು, ಪ್ರಾಣವೇ ಹೋಗಬಹುದು. ಇದಕ್ಕೆ ಔಷಧಿ ಉಂಟು. ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಕರೆದುಕೊಂಡು ಹೋಗಿ. ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ಕುಡಿತಕ್ಕೆ ದಾಸರಾದ 38 ಜನರಲ್ಲಿ ಚಿಕಿತ್ಸೆ ಸಿಕ್ಕಿದ್ದು ಒಬ್ಬರಿಗೆ. ಮಿಕ್ಕ 37 ಜನರ ಗತಿ ಏನು?

ಅವರು ನಮ್ಮ ಊರಿನವರೇ, ನಮ್ಮ ಮನೆಯವರೇ. ಸಾಲದ ಲೆಕ್ಕವನ್ನು ಅವನೊಬ್ಬನ ತಲೆಗೆ ಬಿಡದೆ ಮನೆಮಂದಿ ಕೂತು ಕಾಗದದ ಮೇಲೆ ಬರೆಯಿರಿ. ಬ್ಯಾಂಕಿಗೆ ಹೋಗುವಾಗ ಊರಿನ ಇಬ್ಬರು ಜೊತೆಗೆ ಹೋಗಿ. ಬಿಟ್ಟವನಿಗೆ ಸಂಘದ ಒಂದು ಕೆಲಸ ಒಪ್ಪಿಸಿ. "ನಿನ್ನ ಕೈಲಿ ಆಗುತ್ತೆ" ಅನ್ನೋದನ್ನ ಬಾಯಲ್ಲಿ ಹೇಳಿದರೆ ಸಾಲದು, ಅವನ ಕೈಗೆ ಕೆಲಸ ಕೊಟ್ಟು ತೋರಿಸಬೇಕು.