ಕರ ಕಟ್ಟಿದ್ದಾಗಿದೆ, ಪುಸ್ತಕ ತನ್ನಿ

ಆಟಿ ತಿಂಗಳ ಮಳೆ ಹಿಡಿಯಿತೆಂದರೆ ನಮ್ಮ ಪುತ್ತೂರಿನ ಕಡೆ ವಾರಗಟ್ಟಲೆ ಬಿಸಿಲಿನ ಮುಖ ಕಾಣುವುದಿಲ್ಲ. ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ. ಆಗ ನಮ್ಮ ಮನೆಯಲ್ಲಿ ಪಾಠ ಶುರುವಾಗುವುದು ಒಣಬಟ್ಟೆಯಿಂದ. ಮಗಳು ಒರೆಸಿ ಕೊಡುತ್ತಾಳೆ, ಮಗ ಒಂದೊಂದನ್ನೇ ಒಲೆಯ ಮೇಲಿನ ಅಟ್ಟಕ್ಕೆ ದಾಟಿಸುತ್ತಾನೆ. ಕೆಳಗೆ ಅನ್ನ ಬೇಯುತ್ತಿರುತ್ತದೆ. ನಡುವೆ ಯಾವುದೋ ಪುಸ್ತಕ ಒರೆಸಲೆಂದು ತೆರೆದವಳು ಅಲ್ಲೇ ಗೋಡೆಗೊರಗಿ ಕೂತುಬಿಡುತ್ತಾಳೆ. ತಮ್ಮ ಕೈ ಚಾಚಿಕೊಂಡು ಕಾಯುತ್ತಾನೆ. ನಾನು ಕರೆಯುವುದಿಲ್ಲ. ಆ ಅರ್ಧ ಗಂಟೆಗಾಗಿಯೇ ನಾವು ಹೀಗೆ ಬದುಕುತ್ತಿರುವುದು.

ನನ್ನ ಮಕ್ಕಳಿಬ್ಬರೂ ಮನೆಯಲ್ಲೇ ಕಲಿಯುತ್ತಾರೆ. ಮಗಳಿಗೆ ಈಗ ಹದಿಮೂರು. ಹದಿನಾಲ್ಕು ತುಂಬಿದರೆ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಹತ್ತನೆಯದಕ್ಕೆ ಕಟ್ಟಬಹುದು. ನೀವೂ ಕಾಲೇಜು ಬಿಟ್ಟು ಬನ್ನಿ ಎಂದು ಕರೆಯಲು ನಾನು ಇದನ್ನು ಬರೆಯುತ್ತಿಲ್ಲ. ಹದಿನೆಂಟು, ಇಪ್ಪತ್ತು, ಇಪ್ಪತ್ತೈದರ ನಿಮ್ಮನ್ನು ಒಂದೇ ಮಾತು ಕೇಳಬೇಕಾಗಿದೆ: ಇಡೀ ದಿನದಲ್ಲಿ ನಿಮ್ಮದೇ ಎನ್ನುವ ಒಂದು ಗಂಟೆ ಎಲ್ಲಿದೆ?

ನಿಮ್ಮ ವಯಸ್ಸಿನಲ್ಲಿ ನನಗೂ ಇರಲಿಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ 125ಕ್ಕೆ 118 ತೆಗೆದವಳು ನಾನು. ಎಲ್ಲವೂ ನೋಟ್ಸಿನ ಬಾಯಿಪಾಠ. ನಾನು ಓದಿದ ಶಾಲೆಯಲ್ಲಿ ಗಾಜಿನ ಬೀರುವಿನ ತುಂಬ ಪುಸ್ತಕಗಳಿದ್ದವು, ಬೀರುವಿಗೆ ಬೀಗವಿತ್ತು. ಅದು ತೆರೆದದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಆ ಬೀಗದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಮೊದಲ ಪುಟದಿಂದ ಕೊನೆಯವರೆಗೆ ಒಂದು ಪುಸ್ತಕ ಓದಿ ಮುಗಿಸಿದ್ದು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ, ಮಗಳು ಹೊಟ್ಟೆಯಲ್ಲಿದ್ದಾಗ. ಪಕ್ಕದ ಮನೆಯ ಅಕ್ಕ ಕೊಟ್ಟ ‘ಚೋಮನ ದುಡಿ’ ಅದು. ಸಣ್ಣ ಪುಸ್ತಕ. ಮುಗಿಸಿ ಎದ್ದಾಗ ದೀಪ ಹಚ್ಚುವ ಹೊತ್ತಾಗಿತ್ತು, ಬಹಳ ಹೊತ್ತು ಯಾರೊಡನೆಯೂ ಮಾತಾಡಲಾಗಲಿಲ್ಲ. ಇಷ್ಟು ದಿನ ಇದನ್ನು ನನ್ನಿಂದ ಬಚ್ಚಿಟ್ಟವರು ಯಾರು ಅನ್ನಿಸಿತು.

ಮಕ್ಕಳಿಗೆ ಮನೆಯಲ್ಲೇ ಕಲಿಸುತ್ತೇನೆಂದು ನಾನು ಉಳಿದ ಮೇಲೆ ಒಬ್ಬರ ದುಡಿಮೆಯಲ್ಲಿ ಸಂಸಾರ ಸಾಗಬೇಕಾಯಿತು. ಹಳೆಯ ನೋಟುಪುಸ್ತಕಗಳ ಖಾಲಿ ಹಾಳೆ ಬಿಡಿಸಿ, ದಬ್ಬಣದಲ್ಲಿ ತೂತು ಹೊಡೆದು, ಗೋಣಿ ದಾರದಲ್ಲಿ ಹೊಲಿದರೆ ಹೊಸ ಪುಸ್ತಕ ತಯಾರು. ಬೈಂಡಿಗೆ ಕಳೆದ ವರ್ಷದ ಕ್ಯಾಲೆಂಡರು. ಹಲಸಿನ ಹಪ್ಪಳವನ್ನು ನೂರರ ಕಟ್ಟು ಕಟ್ಟಿ, ಒಂದಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕುವುದು ಮಗನ ಗಣಿತ. ಬಟ್ಟೆ ವರ್ಷಕ್ಕೊಂದು ಜೊತೆ. ಉಣ್ಣಲು ಗತಿಯಿಲ್ಲದವರ ಮುಂದೆ ಸರಳ ಬದುಕಿನ ಉಪದೇಶ ಮಾಡುವುದು ಕ್ರೌರ್ಯ, ಅದು ನನಗೆ ಗೊತ್ತಿದೆ. ನಾನು ಹೇಳುತ್ತಿರುವುದು ಅನ್ನಕ್ಕೆ ತೊಂದರೆಯಿಲ್ಲದ ನಮ್ಮ ನಿಮ್ಮಂಥವರಿಗೆ. ನಾವು ಬೇಡದ್ದನ್ನು ಬಿಟ್ಟಷ್ಟೂ ಹೊತ್ತು ಕೈಗೆ ಬಂತು. ರಾತ್ರಿ ಊಟವಾದ ಮೇಲೆ ನಾಲ್ವರೂ ಚಾಪೆಯ ಮೇಲೆ ಕೂತು ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಅದನ್ನು ಯಾವ ಅಂಗಡಿಯಲ್ಲಿ ತರಲಿ?

ನೀವು ಏನು ಮಾಡುತ್ತಿದ್ದೀರಿ ನೋಡಿ. ಮೊದಲ ಸಂಬಳ ಬಂದ ತಿಂಗಳೇ 24,000 ರೂಪಾಯಿಯ ಫೋನು, ಹನ್ನೆರಡು ಕಂತು, ತಿಂಗಳಿಗೆ 2,000. ಕಂತು ತೀರಿಸಲು ಭಾನುವಾರವೂ ದುಡಿಮೆ. ಉಳಿದ ಹೊತ್ತನ್ನು ಆ ಫೋನೇ ನುಂಗುತ್ತದೆ. ದುಡ್ಡನ್ನು ಮತ್ತೆ ದುಡಿಯಬಹುದು. ಇಪ್ಪತ್ತೆರಡರ ಸಂಜೆಗಳನ್ನು ಎಲ್ಲಿಂದ ತರುತ್ತೀರಿ?

ಹೀಗಲ್ಲದೆ ಬದುಕಿದವರೂ ಇದ್ದಾರೆ. ಪಾಂಡವಪುರದ ಬಳಿಯ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆ ಇದೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯಲ್ಲಿ ದುಡಿದವರು ಅವರು. ಬಂದದ್ದನ್ನೆಲ್ಲ ಪುಸ್ತಕಕ್ಕೆ ಸುರಿದರು. ಇವತ್ತು ಅಲ್ಲಿ ಲಕ್ಷಗಟ್ಟಲೆ ಪುಸ್ತಕಗಳಿವೆ. ಇತ್ತ ನಮ್ಮ ಪುತ್ತೂರಿನ ಬಾಲವನದಲ್ಲಿ ಬಾಳಿದ ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಕಾಲೇಜು ಬಿಟ್ಟು ಬಂದವರು. 1936ರಲ್ಲಿ ಮೂರು ಸಂಪುಟಗಳ ‘ಬಾಲಪ್ರಪಂಚ’ ತಂದಾಗ ಅವರಿಗಿನ್ನೂ ಮೂವತ್ತೈದು ಆಗಿರಲಿಲ್ಲ. ಕನ್ನಡದ ಮಕ್ಕಳ ಕೈಗೆ ಇಡೀ ಜಗತ್ತನ್ನು ಕೊಡಬೇಕೆಂದು ಒಬ್ಬ ಯುವಕ ತಾನೇ ಓದಿ, ತಿಳಿದು, ಬರೆದ. ನಿಮ್ಮಿಂದ ಏಕಾಗಬಾರದು? ಅಷ್ಟು ದೊಡ್ಡದೇ ಆಗಬೇಕಿಲ್ಲ, ಪಕ್ಕದ ಮನೆಯ ಮಗುವಿಗೆ ದಿನಕ್ಕೆ ಹತ್ತು ಪುಟ ಓದಿ ಹೇಳಿದರೂ ಸಾಕು.

ಪುಸ್ತಕಕ್ಕೆ ದುಡ್ಡಿಲ್ಲ ಎನ್ನಬೇಡಿ. ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಗ್ರಂಥಾಲಯ ಕರ ಎಂಬ ಸಾಲೊಂದಿರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಹಾಕುವ ಕರ ಅದು, ತೆರಿಗೆಯ ಒಂದು ರೂಪಾಯಿಗೆ ಆರು ಪೈಸೆ. ನಿಮ್ಮ ಅಪ್ಪ, ಅಜ್ಜ ವರ್ಷ ವರ್ಷವೂ ಕಟ್ಟಿಕೊಂಡು ಬಂದಿದ್ದಾರೆ. ರಾಜ್ಯದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ, ಈಗ ಅವಕ್ಕೆ ಅರಿವು ಕೇಂದ್ರ ಎಂಬ ಫಲಕ. 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾದ ಮೇಲೆ ಅಲ್ಲಿ ಮಕ್ಕಳಿಗೆ ಸದಸ್ಯತ್ವ ಉಚಿತ. ನನ್ನ ಮಕ್ಕಳ ಚೀಲ ತುಂಬುವುದು ಅಲ್ಲಿಂದಲೇ.

ಈ ಶನಿವಾರ ನಿಮ್ಮೂರಿನ ಗ್ರಂಥಾಲಯಕ್ಕೆ ಹೋಗಿ. ತಮ್ಮನನ್ನೋ ತಂಗಿಯನ್ನೋ ಜೊತೆಗೆ ಕರೆದುಕೊಳ್ಳಿ. ಕೇಳಿದ ಪುಸ್ತಕ ಇಲ್ಲದಿದ್ದರೆ ಮೇಲ್ವಿಚಾರಕರಿಗೆ ಹೆಸರು ಬರೆದುಕೊಟ್ಟು ಬನ್ನಿ, ಮುಂದಿನ ವಾರ ಮತ್ತೆ ಕೇಳಿ. ಬಾಗಿಲಿಗೆ ಬೀಗ ಬಿದ್ದಿದ್ದರೆ ಸುಮ್ಮನೆ ಹಿಂದಿರುಗಬೇಡಿ, ಪಂಚಾಯಿತಿ ಕಚೇರಿಯ ಮೆಟ್ಟಿಲು ಹತ್ತಿ ಏಕೆ ಎಂದು ಕೇಳಿ. ಅದನ್ನು ನಾನು ನನ್ನ ಕಾಲದಲ್ಲಿ ಕೇಳಲಿಲ್ಲ. ಮಳೆಯಿದ್ದರೆ ಪುಸ್ತಕ ಸುತ್ತಲು ಒಂದು ಪ್ಲಾಸ್ಟಿಕ್ ಚೀಲ ಇಟ್ಟುಕೊಂಡಿರಿ.