ಮೇಲಧಿಕಾರಿಯ ಭಯವೂ ನಮ್ಮ ಅಂದಾಜುಪಟ್ಟಿಯಲ್ಲಿರಲಿ

(ಆಲ್ದೂರಿನ ಚಿಂತನ ಗೋಷ್ಠಿಯಲ್ಲಿ ನಿವೃತ್ತ ಇಂಜಿನಿಯರೊಬ್ಬರು ಆಡಿದ ಮಾತುಗಳು)



ಕಾಯಕವೆಂದರೆ ವಹಿಸಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡುವುದು ಎಂದು ಈ ವೇದಿಕೆಯಲ್ಲಿ ಎಷ್ಟೋ ಸಲ ಕೇಳಿದ್ದೀರಿ. ನೌಕರಿಯಲ್ಲಿರುವ ಹುಡುಗರು ನನ್ನನ್ನು ಕೇಳುವುದು ಅದರ ಮುಂದಿನ ಪ್ರಶ್ನೆ. "ಸರ್, ಹೊಸ ಕೆಲಸವೊಂದು ಕೈಗೆತ್ತಿಕೊಳ್ಳೋ ಆಸೆ ಇದೆ, ಮೇಲಿನವರು ಬಿಡೋದಿಲ್ಲ." ಇವತ್ತು ಇದಕ್ಕಷ್ಟೇ ಉತ್ತರ ಹೇಳುತ್ತೇನೆ.

ಮೇಲಿನವರು ಬೇಡ ಅನ್ನುವುದು ಹೆಚ್ಚಾಗಿ ನಮ್ಮ ಯೋಜನೆಯನ್ನು ನೋಡಿ ಅಲ್ಲ. ಅದು ಕೆಟ್ಟರೆ ಉತ್ತರ ಕೊಡುವವರು ಯಾರು ಎಂಬ ಭಯದಿಂದ. ಆ ಭಯ ಸುಳ್ಳಲ್ಲ. ಕಡತದಲ್ಲಿ ಕೊನೆಯ ಸಹಿ ಅವರದು.

ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿಗೆ ಮುಖ್ಯ ಇಂಜಿನಿಯರಾಗಿ ಬಂದರು. ಕನ್ನಂಬಾಡಿ ಕಟ್ಟೆಯ ಯೋಜನೆ ಮುಂದಿಟ್ಟಾಗ ಇಷ್ಟು ಹಣ ಎಲ್ಲಿಂದ ತರುವುದು ಎಂದು ಆಡಳಿತದೊಳಗೇ ಆಕ್ಷೇಪ ಬಂತು. ರೈತರ ಕಷ್ಟವನ್ನಷ್ಟೇ ವರ್ಣಿಸಿದ್ದರೆ ಕಡತ ಅಲ್ಲೇ ಮಲಗುತ್ತಿತ್ತೇನೋ. ಅವರು ಕೋಲಾರದ ಚಿನ್ನದ ಗಣಿಯನ್ನು ತಂದು ಕಟ್ಟೆಯ ಪಕ್ಕದಲ್ಲಿಟ್ಟರು. 1902ರಿಂದ ಶಿವನಸಮುದ್ರದ ವಿದ್ಯುತ್ತು ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗಬೇಕು. ಮೇಲೆ ನೀರು ನಿಲ್ಲಿಸಿದರೆ ವರ್ಷವಿಡೀ ಒಂದೇ ಸಮ ಹರಿವು, ಗಣಿಗೆ ಹೆಚ್ಚು ವಿದ್ಯುತ್ತು, ಸಂಸ್ಥಾನಕ್ಕೆ ಖಚಿತ ವರಮಾನ. ಹಣದ ಪ್ರಶ್ನೆಗೆ ಹಣದ ಲೆಕ್ಕದಲ್ಲೇ ಉತ್ತರ! ನಾಲ್ವಡಿ ಕೃಷ್ಣರಾಜ ಒಡೆಯರು ಒಪ್ಪಿದರು, 1911ರಲ್ಲಿ ಕೆಲಸ ಶುರುವಾಯಿತು.

ಆಮೇಲೆ ಮದರಾಸು ಸರ್ಕಾರದ ತಕರಾರು. ಯೋಜನೆ ಇದ್ದದ್ದು 41.5 ಟಿಎಂಸಿಗೆ, ಅವರು ಒಪ್ಪಿದ್ದು 11 ಟಿಎಂಸಿಗೆ. ಆದರೂ ತಳಪಾಯವನ್ನು ಪೂರ್ತಿ ಎತ್ತರದ ಕಟ್ಟೆಗೆ ತಕ್ಕಂತೆಯೇ ಹಾಕಿದರು. ವ್ಯಾಜ್ಯ ಬೆಳೆದು 1924ರ ಒಪ್ಪಂದದವರೆಗೆ ಹೋಯಿತು. ನಮ್ಮ ಇಂಜಿನಿಯರುಗಳು ಈ ತಳಪಾಯದ ಕಥೆಯನ್ನು ಬಹಳ ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಗಣಿಯ ಲೆಕ್ಕವೇ ದೊಡ್ಡದು. ತಳಪಾಯ ಹಾಕುವಾಗ ಅವರ ಬೆನ್ನಿಗೆ ಮಹಾರಾಜರಿದ್ದರು. ಹಾಗೆ ಬೆನ್ನಿಗೆ ನಿಲ್ಲುವಂತೆ ಮಾಡಿದ್ದು ಆ ಲೆಕ್ಕ.

ಇನ್ನು ನನ್ನದೊಂದು ಸಣ್ಣ ಸಂಗತಿ. ಮಲೆನಾಡಿನ ಒಂದು ರಸ್ತೆಯಲ್ಲಿ ತಡೆಗೋಡೆ ಪ್ರತಿ ಮಳೆಗಾಲದಲ್ಲೂ ಕುಸಿಯುತ್ತಿತ್ತು. ಗೋಡೆಯ ಹಿಂದೆ ನೀರು ಕಟ್ಟಿಕೊಂಡರೆ ಎಂಥ ಕಲ್ಲಿನ ಕಟ್ಟಡವಾದರೂ ಬಾಗಲೇಬೇಕು. ತಂತಿ ಬಲೆಯೊಳಗೆ ಕಲ್ಲು ತುಂಬಿದ ಗೇಬಿಯನ್ ಗೋಡೆ ಕಟ್ಟಿದರೆ ನೀರು ಸಂದಿನಲ್ಲಿ ಹರಿದುಹೋಗುತ್ತದೆ. ಮೇಲಧಿಕಾರಿಗಳ ಮುಂದೆ ಇಟ್ಟೆ. "ಇದು ನಮ್ಮ ದರಪಟ್ಟಿಯಲ್ಲಿ ಇಲ್ಲ. ನಾಳೆ ಆಡಿಟ್‌ನವರು ಕೇಳಿದರೆ ನೀನು ಬರ್ತೀಯೇನಯ್ಯಾ?" ಅಂದರು. ನಾನು ವಾದ ಮಾಡಲಿಲ್ಲ. ಹಳೆಯ ಅಳತೆ ಪುಸ್ತಕಗಳನ್ನು ತೆಗೆದು, ಅದೇ ಗೋಡೆಯ ಮೂರು ವರ್ಷದ ದುರಸ್ತಿಯ ಖರ್ಚು ಕೂಡಿಸಿದೆ. ತಂತಿ, ಕಲ್ಲು, ಕೂಲಿ ಬಿಡಿಸಿ ದರ ವಿಶ್ಲೇಷಣೆ ಬರೆದೆ. ಆಡಿಟ್‌ನವರು ಕೇಳುವುದು ಆ ಹಾಳೆಯನ್ನೇ. ಬಾಕಿಯಿದ್ದ ಎರಡು ಕಾಮಗಾರಿಗಳ ಅಂತಿಮ ಬಿಲ್ಲನ್ನು ಮೊದಲು ಮುಗಿಸಿದೆ. ಇರುವ ಕೆಲಸ ಮುಗಿಸದವನ ಹೊಸ ಉತ್ಸಾಹವನ್ನು ಯಾರು ನಂಬುತ್ತಾರೆ? ಕೇಳಿದ್ದು ಇಪ್ಪತ್ತು ಮೀಟರ್ ಮಾತ್ರ, ಮಳೆಗಾಲದಲ್ಲಿ ವಾರಕ್ಕೊಮ್ಮೆ ನಾನೇ ಹೋಗಿ ನೋಡುತ್ತೇನೆಂದು ಬರೆದುಕೊಟ್ಟು. ಅವರು ಪೆನ್ನು ತೆಗೆದು, "ಹದಿನೈದು ಮಾಡು" ಎಂದು ಸಹಿ ಹಾಕಿದರು. ಮರುವರ್ಷ ಇನ್ನೊಂದು ತಿರುವಿಗೆ ಅದೇ ಗೋಡೆ ಬೇಕೆಂದು ಅವರೇ ಕರೆದು ಹೇಳಿದರು.

ನಮ್ಮ ಆಲ್ದೂರು ಸೀಮೆಯಲ್ಲಿ ಬಹಳ ಮನೆಗಳಿಗೆ ಮೇಲಧಿಕಾರಿ ಅಪ್ಪನೇ. ಹಿರಿಯರು ನಗುತ್ತಿದ್ದೀರಿ, ಇರಲಿ. ಮಗ ಓದಿ ಬಂದು ಹಳೇ ಅರೇಬಿಕಾ ಕಿತ್ತು ಹೊಸ ತಳಿ ಹಾಕೋಣ ಅನ್ನುತ್ತಾನೆ. ಹೊಸ ಗಿಡ ಫಸಲಿಗೆ ಬರಲು ಮೂರು ನಾಲ್ಕು ವರ್ಷ ಬೇಕು. ಅಲ್ಲಿಯವರೆಗೆ ಆಳಿನ ಸಂಬಳ, ಸಾಲದ ಬಡ್ಡಿ ಎಲ್ಲಿಂದ ಎಂದು ಅಪ್ಪ ಕೇಳುತ್ತಾರೆ. ಅದು ಹಳೇ ಕಾಲದವರ ಹಠ ಅಲ್ಲ, ಹಣಕಾಸಿನ ಪ್ರಶ್ನೆ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದವರನ್ನು ವಿಚಾರಿಸಿ ಬನ್ನಿ, ವರ್ಷವಾರು ಖರ್ಚು ಬರೆಯಿರಿ, ಇಡೀ ತೋಟ ಕೇಳಬೇಡಿ. ಕಾಂಡಕೊರಕ ಬಿದ್ದು ಅಪ್ಪ ಹೇಗೂ ಕೈಬಿಟ್ಟಿರುವ ಒಂದು ಎಕರೆ ಇರುತ್ತದಲ್ಲ, ಅದನ್ನು ಕೇಳಿ.